ವೀಣೆಯ ಪಿಯೆಜೊ ಪಿಕಪ್‌ಗೆ 9 ವೋಲ್ಟ್ ಪ್ರಿಆಂಪ್: ಸರ್ಕ್ಯೂಟ್, ವ್ಯಾಲ್ಯೂಗಳು, ತೊಂದರೆಗಳು

ಸರಿಗಮ_ಮೈಸೂರು

ವೀಣೆಗೆ ಅಂಟಿಸುವ 27 ಮಿಲಿಮೀಟರ್ ಪಿಯೆಜೊ ಡಿಸ್ಕ್‌ಗೆ (ಕಂಪನವನ್ನು ಸಿಗ್ನಲ್ ಮಾಡುವ ತಟ್ಟೆ) ಒಂದು ಪ್ರಿಆಂಪ್, ಅಂದರೆ ಮಿಕ್ಸರ್‌ಗೆ ಮೊದಲಿನ ಸಣ್ಣ ಆಂಪ್ಲಿಫೈಯರ್ ಬೇಕು. ಡಿಸ್ಕನ್ನು ನೇರವಾಗಿ ಮಿಕ್ಸರ್‌ಗೆ ಕೊಟ್ಟರೆ ಸಾರಣಿ ತಂತಿ ತಗಡು ಬಡಿದ ಹಾಗೆ ಕೇಳುತ್ತೆ, ಮಂದ್ರ ಅನುಮಂದ್ರ ತಂತಿಗಳು ಇದ್ದೂ ಇಲ್ಲದ ಹಾಗೆ. ಶ್ರುತಿ ಇ. ಒಂದೂವರೆ ಅಡಿ ದೂರದ ಮೈಕ್‌ನಲ್ಲಿ ಇದೇ ಸ್ವರಗಳು ಸರಿಯಾಗಿ ಬರುತ್ತವೆ. ಮನೆಯಲ್ಲೇ ಜಿಪಿ ಬೋರ್ಡ್ (ತೂತುಗಳಿರುವ ಸಾದಾ ಬೋರ್ಡ್) ಮೇಲೆ ಕಟ್ಟುವಂಥದ್ದು, ಬ್ಯಾಟರಿಯಲ್ಲಿ ನಡೆಯುವಂಥದ್ದು ಬೇಕು. ಎನ್‌ಇ5532 ಐಸಿ ಹಾಕಿದ ಪ್ರಿಆಂಪ್ ಕಿಟ್‌ಗಳು ಎಲ್ಲ ಕಡೆ ಸಿಗುತ್ತವೆ, ಅದನ್ನೇ ಹಾಕಿದರೆ ಆಗುತ್ತಾ?

ಕಾವೇರಿ_ಸರ್ಕ್ಯೂಟ್

ಮೇಡಂ, ಆ ಕಿಟ್ ಬೇಡ. ಏಕೆ ಅಂತ ಹೇಳಿಬಿಟ್ಟರೆ ಸರ್ಕ್ಯೂಟ್ ತಾನಾಗಿಯೇ ಅರ್ಥವಾಗುತ್ತೆ.

ಪಿಯೆಜೊ ಡಿಸ್ಕ್ ಸಿಗ್ನಲ್ ಕೊಡುವ ಒಂದು ಕೆಪ್ಯಾಸಿಟರ್ ಅಷ್ಟೇ. 27 ಮಿಲಿಮೀಟರ್ ಡಿಸ್ಕ್ ಸುಮಾರು 20 ನ್ಯಾನೋಫ್ಯಾರಡ್ ಇರುತ್ತೆ, ಮೀಟರ್‌ನಲ್ಲಿ ಕೆಪ್ಯಾಸಿಟೆನ್ಸ್ ರೇಂಜ್ ಇದ್ದರೆ ನೀವೇ ಅಳೆದು ನೋಡಿ. ಈ ಕೆಪ್ಯಾಸಿಟರ್ ಮುಂದೆ ಯಾವ ರೆಸಿಸ್ಟೆನ್ಸ್ ಬಂದರೂ ಎರಡೂ ಸೇರಿ ಹೈಪಾಸ್ ಫಿಲ್ಟರ್ ಆಗುತ್ತೆ, ಅಂದರೆ ಕಟ್‌ಆಫ್ ಅನ್ನುವ ಒಂದು ಹರ್ಟ್ಜ್‌ಗಿಂತ ಕೆಳಗಿನದನ್ನು ಕುಗ್ಗಿಸಿ ಮೇಲಿನದನ್ನು ಬಿಡುತ್ತೆ. ಕಟ್‌ಆಫ್ = 1 ÷ (2 × 3.14 × ಆರ್ × ಸಿ). ಮಿಕ್ಸರ್‌ನ ಲೈನ್ ಇನ್‌ಪುಟ್ 10ಕೆ ಅಂದುಕೊಳ್ಳಿ, ಕಟ್‌ಆಫ್ ಸುಮಾರು 800 ಹರ್ಟ್ಜ್. ಮೈಕ್ ಇನ್‌ಪುಟ್ 2ಕೆ ಆದರೆ 4000 ಹರ್ಟ್ಜ್. ಇ ಶ್ರುತಿಯಲ್ಲಿ ಸಾರಣಿ 165 ಹರ್ಟ್ಜ್, ಪಂಚಮ 124, ಮಂದ್ರ 82, ಅನುಮಂದ್ರ 62. ಅಂದರೆ ನಾಲ್ಕೂ ತಂತಿಗಳ ಮೂಲಸ್ವರ ಕಟ್‌ಆಫ್‌ನ ಕೆಳಗೇ ಉಳಿದುಹೋಗುತ್ತೆ, ಮೇಲಿನ ಹಾರ್ಮೋನಿಕ್ಸ್ ಮಾತ್ರ ದಾಟುತ್ತವೆ. ನಿಮಗೆ ಕೇಳಿದ ತಗಡಿನ ಸದ್ದು ಅದೇ.

ಆದ್ದರಿಂದ ಇಲ್ಲಿ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹೆಚ್ಚುತ್ತೆ ಅನ್ನೋದು) ಮುಖ್ಯ ಅಲ್ಲ. ಡಿಸ್ಕ್‌ನಿಂದಲೇ ಬೇಕಾದಷ್ಟು ವೋಲ್ಟೇಜ್ ಬರುತ್ತೆ, ಜೋರಾಗಿ ಮೀಟಿದರೆ 1 ವೋಲ್ಟ್ ದಾಟಿದರೂ ದಾಟಬಹುದು. ಇನ್‌ಪುಟ್ ರೆಸಿಸ್ಟೆನ್ಸ್ ಮೆಗಾಓಂಗಳಲ್ಲಿ ಇರಬೇಕು, ಅದೇ ಮುಖ್ಯ. ಎನ್‌ಇ5532 ಸೋಲುವುದು ಇಲ್ಲೇ. ಅದರ ಇನ್‌ಪುಟ್ ಬಯಾಸ್ ಕರೆಂಟ್ (ಐಸಿಯ ಇನ್‌ಪುಟ್ ಕಾಲಿನಲ್ಲಿ ಸದಾ ಹರಿಯುವ ಕರೆಂಟ್) 200 ನ್ಯಾನೋಆಂಪ್, ಗರಿಷ್ಠ 800. 2.2 ಮೆಗ್ ಮೂಲಕ ಹರಿದರೆ 0.44 ವೋಲ್ಟ್ ಅಲ್ಲೇ ಬೀಳುತ್ತೆ, ಕೆಟ್ಟ ಪೀಸ್ ಸಿಕ್ಕರೆ 1.76 ವೋಲ್ಟ್. ಅದರ ವೋಲ್ಟೇಜ್ ನಾಯ್ಸ್ 5 ನ್ಯಾನೋವೋಲ್ಟ್ ಅಂತ ಎಲ್ಲರೂ ಹೊಗಳುತ್ತಾರೆ, ಆದರೆ ಕರೆಂಟ್ ನಾಯ್ಸ್ 0.7 ಪಿಕೋಆಂಪ್. 20 ನ್ಯಾನೋಫ್ಯಾರಡ್ 100 ಹರ್ಟ್ಜ್‌ನಲ್ಲಿ 80ಕೆ ಇಂಪಿಡೆನ್ಸ್ ತೋರಿಸುತ್ತೆ, ಎರಡನ್ನೂ ಗುಣಿಸಿದರೆ 50 ನ್ಯಾನೋವೋಲ್ಟ್ ದಾಟುತ್ತೆ. ಎಫ್‌ಇಟಿ (ಇನ್‌ಪುಟ್‌ನಲ್ಲಿ ಕರೆಂಟ್ ಎಳೆಯದಂಥ ಟ್ರಾನ್ಸಿಸ್ಟರ್) ಇನ್‌ಪುಟ್‌ನ ಟಿಎಲ್072 ಐಸಿಯ ವೋಲ್ಟೇಜ್ ನಾಯ್ಸ್ 18 ಇದ್ದರೂ ಕರೆಂಟ್ ನಾಯ್ಸ್ ಇಲ್ಲವೆನ್ನುವಷ್ಟು ಕಡಿಮೆ. ಈ ಕೆಲಸಕ್ಕೆ ಅದೇ ನಿಶ್ಶಬ್ದ.

ಸರ್ಕ್ಯೂಟ್ ಹೀಗೆ (ಪಿನ್ ನಂಬರ್‌ಗಳು ಟಿಎಲ್072ರವು):

ಪವರ್: 9 ವೋಲ್ಟ್ ಬ್ಯಾಟರಿ ಪಾಸಿಟಿವ್‌ನಿಂದ 1ಎನ್5819 ಡಯೋಡ್ (ಉಲ್ಟಾ ಹಾಕಿದರೆ ಐಸಿ ಉಳಿಯಲಿ ಅಂತ), ಅಲ್ಲಿಂದ ಪಿನ್ 8. ಪಿನ್ 8ರಿಂದ ಗ್ರೌಂಡ್‌ಗೆ 100 ಮೈಕ್ರೋಫ್ಯಾರಡ್/25 ವೋಲ್ಟ್, ಐಸಿ ಕಾಲಿಗೆ ಅಂಟಿದ ಹಾಗೆ 0.1 ಮೈಕ್ರೋಫ್ಯಾರಡ್. ಪಿನ್ 4 ಗ್ರೌಂಡ್.

ಅರ್ಧ ವೋಲ್ಟೇಜ್: ಪಿನ್ 8ರಿಂದ ಗ್ರೌಂಡ್‌ಗೆ 47ಕೆ ಎರಡು ಸೀರೀಸ್‌ನಲ್ಲಿ. ನಡುವಿನ ಬಿಂದುವಿಗೆ 47 ಮೈಕ್ರೋಫ್ಯಾರಡ್. ಇದನ್ನು ವಿ-ರೆಫ್ ಅನ್ನೋಣ. ಆನ್ ಮಾಡಿದ ಮೇಲೆ ಇದು ನೆಲೆಗೊಳ್ಳಲು ನಾಲ್ಕೈದು ಸೆಕೆಂಡ್ ಬೇಕು, ಅಷ್ಟು ಹೊತ್ತು ಮಿಕ್ಸರ್ ಫೇಡರ್ ಕೆಳಗಿರಲಿ.

ಇನ್‌ಪುಟ್: ಡಿಸ್ಕ್‌ನ ಬಿಳಿ ಸೆರಾಮಿಕ್ ಭಾಗದ ವೈರ್ ಹಾಟ್ (ಸಿಗ್ನಲ್), ಹಿತ್ತಾಳೆ ತಟ್ಟೆ ಗ್ರೌಂಡ್. ಹಾಟ್‌ನಿಂದ ಗ್ರೌಂಡ್‌ಗೆ 10 ಮೆಗ್, ಪ್ಲಗ್ ಚುಚ್ಚಿದಾಗ ಠಪ್ ಅನ್ನದಿರಲು. ಆಮೇಲೆ 47 ನ್ಯಾನೋಫ್ಯಾರಡ್ ಪಾಲಿಯೆಸ್ಟರ್ ಕೆಪ್ಯಾಸಿಟರ್, 10ಕೆ ಸೀರೀಸ್, ಪಿನ್ 3. ಪಿನ್ 3ರಿಂದ ವಿ-ರೆಫ್‌ಗೆ 2.2 ಮೆಗ್. ಪಿನ್ 3ರಿಂದ ಪಿನ್ 8ಕ್ಕೆ ಒಂದು 1ಎನ್4148 ಡಯೋಡ್, ಗ್ರೌಂಡ್‌ನಿಂದ ಪಿನ್ 3ಕ್ಕೆ ಇನ್ನೊಂದು, ಎರಡೂ ರಿವರ್ಸ್ ಬಯಾಸ್‌ನಲ್ಲಿ. ಡಿಸ್ಕ್‌ಗೆ ಬೆರಳಲ್ಲಿ ಬಡಿದರೆ ಹತ್ತಾರು ವೋಲ್ಟ್ ಬರುತ್ತೆ, ಅದನ್ನು ಇವು ತಡೆಯುತ್ತವೆ.

ಗೇನ್: ಪಿನ್ 1ರಿಂದ ಪಿನ್ 2ಕ್ಕೆ 22ಕೆ, ಅದಕ್ಕೆ ಪ್ಯಾರಲಲ್ 100 ಪಿಕೋಫ್ಯಾರಡ್. ಪಿನ್ 2ರಿಂದ 22ಕೆ, ಆಮೇಲೆ 10 ಮೈಕ್ರೋಫ್ಯಾರಡ್, ಗ್ರೌಂಡ್. ಕೆಪ್ಯಾಸಿಟರ್‌ನ ಪಾಸಿಟಿವ್ ಐಸಿ ಕಡೆಗೆ. ಗೇನ್ 2. ಸಾಲದಿದ್ದರೆ ಗ್ರೌಂಡ್ ಕಡೆಯ 22ಕೆ ಬದಲು 4.7ಕೆ ಹಾಕಿ, 5.7 ಆಗುತ್ತೆ. ಮೊದಲು 2ರಲ್ಲೇ ಕೇಳಿ.

ಔಟ್‌ಪುಟ್: ಪಿನ್ 1ರಿಂದ 1 ಮೈಕ್ರೋಫ್ಯಾರಡ್ ಪಾಲಿಯೆಸ್ಟರ್, 47ಕೆ ಲಾಗ್ ಪಾಟ್‌ನ ಮೇಲಿನ ಕಾಲು. ಕೆಳಗಿನ ಕಾಲು ವಿ-ರೆಫ್‌ಗೆ (ಗ್ರೌಂಡ್‌ಗೆ ಅಲ್ಲ). ನಡುವಿನ ಕಾಲು ಪಿನ್ 5. ಪಿನ್ 6, 7 ಜೋಡಿಸಿ. ಪಿನ್ 7ರಿಂದ 100 ಓಂ, 22 ಮೈಕ್ರೋಫ್ಯಾರಡ್, ಪಿ38 (ಕಾಲು ಇಂಚಿನ) ಜ್ಯಾಕ್‌ನ ತುದಿ. ಜ್ಯಾಕ್‌ನಲ್ಲಿ ಗ್ರೌಂಡ್‌ಗೆ 100ಕೆ.

ಮಂಡ್ಯ_ಮೈಕ್‌ಸೆಟ್

ಅಣ್ಣ, ಕೊನೆ 22 ಮೈಕ್ರೋಫ್ಯಾರಡ್ ಮಾಮೂಲಿ 16 ವೋಲ್ಟ್‌ದು ಹಾಕ್ಬುಟ್ರೆ ಪೆಂಡಾಲ್‌ನಲ್ಲಿ ಹೊಗೆ ಆಯ್ತದೆ. ನಮ್ ಕಡೆ ಓಡಾಡೋ ಸಣ್ಣ ಮಿಕ್ಸರ್‌ಗಳಲ್ಲಿ ಫ್ಯಾಂಟಮ್ (ಕಂಡೆನ್ಸರ್ ಮೈಕ್‌ಗೆ ಕೇಬಲ್‌ನಲ್ಲೇ 48 ವೋಲ್ಟ್ ಕಳ್ಸೋದು) ಬಟನ್ ಎಲ್ಲಾ ಚಾನೆಲ್‌ಗೂ ಸೇರಿ ಒಂದೇ ಇರ್ತದೆ. ಮೃದಂಗಕ್ಕೋ ಪಿಟೀಲಿಗೋ ಕಂಡೆನ್ಸರ್ ಮೈಕ್ ಇಟ್ಟಿದ್ರೆ ಅದು ಆನ್ ಇದ್ದೇ ಇರ್ತದೆ. ವೀಣೆ ಲೈನ್‌ಗೆ ಎಕ್ಸ್‌ಎಲ್‌ಆರ್–ಪಿ38 ಕೇಬಲ್ ಹಾಕಿದ್ರೆ 48 ವೋಲ್ಟ್ ನೇರವಾಗಿ ನಿಮ್ ಡಬ್ಬಿ ಜ್ಯಾಕ್‌ಗೆ ಬತ್ತದೆ. ಡಿಐ ಬಾಕ್ಸ್ (ಮಧ್ಯೆ ಹಾಕೋ, ಆ 48 ವೋಲ್ಟ್ ತಡೆಯೋ ಡಬ್ಬಿ) ಇದ್ರೆ ಯೋಚ್ನೆ ಇಲ್ಲ, ಆದ್ರೆ ಎಲ್ಲಾ ಕಾರ್ಯಕ್ರಮಕ್ಕೂ ಡಿಐ ಇರ್ತದೆ ಅಂತ ನಂಬ್ಕೊಂಡು ಹೋಗ್ಬೇಡಿ.

ಕಾವೇರಿ_ಸರ್ಕ್ಯೂಟ್

ನೂರಕ್ಕೆ ನೂರು ನಿಜ ಅಣ್ಣ, ಇದನ್ನು ಸರ್ಕ್ಯೂಟ್‌ಗೇ ಸೇರಿಸೋಣ. ಫ್ಯಾಂಟಮ್ ಇಲ್ಲದಾಗ ಐಸಿ ಕಡೆ 4.4 ವೋಲ್ಟ್, ಜ್ಯಾಕ್ ಕಡೆ ಸೊನ್ನೆ. ಫ್ಯಾಂಟಮ್ ಬಂದಾಗ ಜ್ಯಾಕ್ ಕಡೆ 40 ವೋಲ್ಟ್‌ಗೂ ಮೇಲೆ. ಅಂದರೆ ಪೋಲಾರಿಟಿಯೇ ತಿರುಗಿಬಿಡುತ್ತೆ, ಯಾವ ಕಡೆಗೆ ಪಾಸಿಟಿವ್ ಇಟ್ಟರೂ ಒಂದಲ್ಲ ಒಂದು ಸ್ಥಿತಿಯಲ್ಲಿ ತಪ್ಪು. ಹಾಗಾಗಿ ನಾನ್-ಪೋಲಾರ್ 22 ಮೈಕ್ರೋಫ್ಯಾರಡ್/63 ವೋಲ್ಟ್ ಹಾಕಬೇಕು. ಸಿಗದಿದ್ದರೆ 47 ಮೈಕ್ರೋಫ್ಯಾರಡ್/63 ವೋಲ್ಟ್ ಎರಡನ್ನು ನೆಗೆಟಿವ್‌ಗೆ ನೆಗೆಟಿವ್ ಸೇರಿಸಿ ಸೀರೀಸ್‌ನಲ್ಲಿ ಹಾಕಿ.

ಇಷ್ಟೇ ಸಾಲದು. ಫ್ಯಾಂಟಮ್ ಆನ್ ಇರುವಾಗಲೇ ಪ್ಲಗ್ ಎಳೆದರೆ ತುದಿ ಗ್ರೌಂಡ್‌ಗೆ ತಾಗಿ ಶಾರ್ಟ್ ಆಗುತ್ತೆ. ಆಗ ಕೆಪ್ಯಾಸಿಟರ್‌ನಲ್ಲಿ ತುಂಬಿದ್ದ ಚಾರ್ಜ್ ಐಸಿ ಕಡೆಯ ಕಾಲನ್ನು ಗ್ರೌಂಡ್‌ಗಿಂತ ಕೆಳಕ್ಕೆ ಎಳೆಯುತ್ತೆ. ಪಿನ್ 7ಕ್ಕೆ ಎರಡು 1ಎನ್4007 ಡಯೋಡ್ ಕೊಡಿ: ಒಂದು ಗ್ರೌಂಡ್‌ನಿಂದ ಪಿನ್ 7ಕ್ಕೆ, ಇನ್ನೊಂದು ಪಿನ್ 7ರಿಂದ ಪಿನ್ 8ಕ್ಕೆ. 100 ಓಂ ಕೆಪ್ಯಾಸಿಟರ್ ಮತ್ತು ಡಯೋಡ್‌ಗಳ ನಡುವೆ ಇರಬೇಕು, ಆಗ ಕರೆಂಟ್ ಅರ್ಧ ಆಂಪ್ ಒಳಗೆ ನಿಲ್ಲುತ್ತೆ.

ಲ್ಯಾಬ್_ಮೇಷ್ಟ್ರು

ಸರ್ಕ್ಯೂಟ್ ಒಪ್ಪಿದೆ, ಐಸಿ ಬಗ್ಗೆ ಒಂದು ಎಚ್ಚರಿಕೆ. ಟಿಎಲ್072ರ ಇನ್‌ಪುಟ್ ನೆಗೆಟಿವ್ ಸಪ್ಲೈಗೆ ಮೂರು ವೋಲ್ಟ್‌ಗಿಂತ ಹತ್ತಿರ ಹೋದರೆ ಔಟ್‌ಪುಟ್ ಕೆಳಗೆ ಹೋಗುವ ಬದಲು ಒಮ್ಮೆಲೇ ಮೇಲಕ್ಕೆ ಹಾರುತ್ತೆ. ಫೇಸ್ ರಿವರ್ಸಲ್ ಅನ್ನೋದು ಇದನ್ನೇ. 9 ವೋಲ್ಟ್ ಬ್ಯಾಟರಿಯಲ್ಲಿ ನಿಮಗೆ ಇರುವುದು 4.4 ವೋಲ್ಟ್, ಅಂದರೆ ಕೆಳಗೆ ಸುಮಾರು ಒಂದೂವರೆ ವೋಲ್ಟ್ ಜಾಗ ಮಾತ್ರ. ಬ್ಯಾಟರಿ 7ಕ್ಕೆ ಇಳಿದರೆ ಆ ಜಾಗವೂ ಹೆಚ್ಚುಕಡಿಮೆ ಇಲ್ಲ. ಸಾಮಾನ್ಯ ಕ್ಲಿಪ್ಪಿಂಗ್ ಆದರೆ ಸ್ವರ ಸ್ವಲ್ಪ ಒರಟಾಗುತ್ತೆ, ಇದು ಹಾಗಲ್ಲ. ಜೋರು ಮೀಟಿನ ತುದಿಯಲ್ಲಿ ಛಟ್ ಅಂತ ಒಡೆಯುತ್ತೆ. ಕೇಳಿದವರು ಡಿಸ್ಕ್ ಸೀಳಿದೆ ಅಂದುಕೊಳ್ಳುತ್ತಾರೆ.

ಎರಡು ದಾರಿ ಇದೆ. ಒಪಿಎ2134 ಹಾಕಿದರೆ ಅದೇ ಸಾಕೆಟ್‌ಗೆ ಕೂರುತ್ತೆ, ಒಟ್ಟು 5 ವೋಲ್ಟ್‌ವರೆಗೂ ಕೆಲಸ ಮಾಡುತ್ತೆ, ಫೇಸ್ ರಿವರ್ಸಲ್ ಇಲ್ಲ. ಆದರೆ ಕರೆಂಟ್ 8 ಮಿಲಿಆಂಪ್, ಟಿಎಲ್072ದು 3ಕ್ಕಿಂತ ಕಡಿಮೆ. ಒಳ್ಳೆಯ ಆಲ್ಕಲೈನ್ ಬ್ಯಾಟರಿ 500 ಮಿಲಿಆಂಪ್-ಅವರ್ ಅಂದುಕೊಂಡರೆ ಒಂದು 60 ಗಂಟೆ, ಇನ್ನೊಂದು 150ರ ಮೇಲೆ. ಬಹಳ ಅಗ್ಗಕ್ಕೆ ಸಿಗುವ ಒಪಿಎ2134ನ್ನು ನಂಬಬೇಡಿ, ಬೇರೆ ಐಸಿ ಮೇಲೆ ಹೆಸರು ಉಜ್ಜಿ ಬರೆದವು ಬರುತ್ತವೆ. ಬ್ಯಾಟರಿ ಸರಣಿಯಲ್ಲಿ ಮೀಟರ್ ಇಟ್ಟು ಕರೆಂಟ್ ನೋಡಿ: 3 ಮಿಲಿಆಂಪ್ ಆಸುಪಾಸು ತೋರಿಸಿದರೆ ಒಳಗಿರುವುದು ಒಪಿಎ2134 ಅಲ್ಲ.

ಎರಡನೇ ದಾರಿ, ಎರಡು ಬ್ಯಾಟರಿ. ಪ್ಲಸ್ 9, ಮೈನಸ್ 9. ಪಿನ್ 4 ಮೈನಸ್‌ಗೆ, ವಿ-ರೆಫ್ ಅನ್ನುವ ಜಾಗವೆಲ್ಲ ಗ್ರೌಂಡ್‌ಗೆ. ಇನ್‌ಪುಟ್ ಡಯೋಡ್ ಮತ್ತು ಪಿನ್ 7ರ ಡಯೋಡ್‌ಗಳಲ್ಲಿ ಗ್ರೌಂಡ್‌ಗೆ ಹೋಗಿದ್ದವು ಈಗ ಪಿನ್ 4ಕ್ಕೆ ಹೋಗಬೇಕು, ಇದನ್ನು ಮರೆತರೆ ಸಿಗ್ನಲ್‌ನ ಕೆಳಗಿನ ಅರ್ಧ ಕತ್ತರಿಸಿಹೋಗುತ್ತೆ. ಪಿನ್ 2ರ ದಾರಿಯ 10 ಮೈಕ್ರೋಫ್ಯಾರಡ್ ತೆಗೆದು ರೆಸಿಸ್ಟರ್ ನೇರ ಗ್ರೌಂಡ್‌ಗೆ ಕೊಡಿ. ಮೈನಸ್ ಸಪ್ಲೈಗೂ 1ಎನ್5819, 100 ಮತ್ತು 0.1 ಮೈಕ್ರೋಫ್ಯಾರಡ್ ಬೇಕು. ಸಂಗೀತ ಕಚೇರಿಗೆ ಒಯ್ಯುವ ಡಬ್ಬಿಗೆ ನಾನು ಹೇಳುವುದು ಇದನ್ನೇ.

ಕಾಲೇಜು ಲ್ಯಾಬ್‌ನ ಡ್ರಾಯರ್‌ನಲ್ಲಿ ಬಿಎಫ್‌ಡಬ್ಲ್ಯು10 ಅನ್ನುವ ಬಿಡಿ ಎಫ್‌ಇಟಿ ಇದೆ, ಅದರಲ್ಲಿ ಮಾಡಲೇ ಅಂತ ಯಾರಾದರೂ ಕೇಳೇ ಕೇಳುತ್ತಾರೆ. 9 ವೋಲ್ಟ್‌ಗೆ ಅದು ಸರಿಹೋಗುವುದಿಲ್ಲ. ಪಿಂಚ್‌ಆಫ್ (ಕರೆಂಟ್ ನಿಲ್ಲಿಸಲು ಗೇಟ್‌ಗೆ ಬೇಕಾದ ವೋಲ್ಟೇಜ್) 8 ವೋಲ್ಟ್‌ವರೆಗೂ ಇರಬಹುದು, ಐಡಿಎಸ್‌ಎಸ್ (ಗೇಟ್ ಸೊನ್ನೆಯಲ್ಲಿದ್ದಾಗ ಹರಿಯುವ ಕರೆಂಟ್) 8ರಿಂದ 20 ಮಿಲಿಆಂಪ್. ಪ್ರತಿ ಪೀಸ್‌ಗೂ ಸೋರ್ಸ್ ರೆಸಿಸ್ಟರ್ ಬೇರೆ ಹುಡುಕಬೇಕು.

ಹಲಸಿನಕೊಡ

ವೀಣೆ ರಿಪೇರಿ ಕಡೆಯಿಂದ ನಾಲ್ಕು ಮಾತು. ಡಿಸ್ಕನ್ನು ಕುದುರೆಯ (ತಂತಿಗಳನ್ನು ಹೊರುವ ಬ್ರಿಡ್ಜ್) ಕಾಲಿನ ಕೆಳಗೆ ತೂರಿಸಬೇಡಿ. ಡಿಸ್ಕ್ ಅರ್ಧ ಮಿಲಿಮೀಟರ್ ದಪ್ಪ. ಕುದುರೆ ಅಷ್ಟು ಎದ್ದರೂ ತಂತಿಗೂ ಮೆಟ್ಟಿಲಿಗೂ ಇರುವ ಅಂತರ ಬದಲಾಗಿ ಗಮಕ ಎಳೆಯುವಾಗ ಕೈಗೆ ಗೊತ್ತಾಗುತ್ತೆ, ಮೇಣ ಕಟ್ಟಿ ಕೂರಿಸಿದ ಸ್ವರಸ್ಥಾನವೂ ಮೇಲಿನ ಸ್ಥಾಯಿಯಲ್ಲಿ ಕದಲುತ್ತೆ. ಮೇಲ್ಹಲಗೆಯ ಮೇಲೆ, ಕುದುರೆಯಿಂದ ಮೂರು ನಾಲ್ಕು ಸೆಂಟಿಮೀಟರ್ ದೂರದಲ್ಲಿ ಶುರು ಮಾಡಿ. ಅಂಚಿನ ಕಡೆಗೆ ಸರಿಸಿದಷ್ಟೂ ಸದ್ದು ತೆಳ್ಳಗೆ, ನಡುವಿಗೆ ತಂದಷ್ಟೂ ಗುಂಯ್‌ಗುಡುತ್ತೆ. ಒಂದೊಂದು ಸೆಂಟಿಮೀಟರ್ ಸರಿಸಿ ಕೇಳಬೇಕು. ಈಕ್ವಲೈಜರ್‌ನಲ್ಲಿ ಸರಿಮಾಡುವುದಕ್ಕಿಂತ ಇದು ಒಳ್ಳೆಯದು.

ಅಂಟಿಸಲು ಜೇನುಮೇಣ ಸಾಕು. ಬೆರಳಲ್ಲಿ ಮೆದು ಮಾಡಿ ತೆಳ್ಳಗೆ ಸವರಿ ಒತ್ತಿ. ಸ್ಪಂಜಿನ ಡಬಲ್ ಟೇಪ್ ಮೇಲಿನ ನಾದವನ್ನು ನುಂಗಿಬಿಡುತ್ತೆ. ಇನ್‌ಸ್ಟಂಟ್ ಗಮ್ ಹಾಕಿದರೆ ಕೀಳುವಾಗ ಪಾಲಿಶ್ ಜೊತೆಗೇ ಬರುತ್ತೆ. ಇನ್ನೊಂದು, ಬೋರ್ಡ್ ತೊಳೆಯುವ ಆಲ್ಕೋಹಾಲ್ ಅನ್ನು ವೀಣೆ ಹತ್ತಿರ ತರಲೇಬೇಡಿ. ಹಳೆಯ ವಾದ್ಯಗಳಿಗೆ ಅರಗಿನ ಪಾಲಿಶ್ ಇರುತ್ತೆ, ಒಂದು ಹನಿ ಬಿದ್ದರೂ ಕರಗಿ ಕಲೆ ಉಳಿಯುತ್ತೆ.

ಸರಿಗಮ_ಮೈಸೂರು

ಒಂದೇ ಬ್ಯಾಟರಿಯ ಬೋರ್ಡ್ ಸಿದ್ಧವಾಗಿದೆ, ಇನ್ನೂ ಡಬ್ಬಿಗೆ ಹಾಕಿಲ್ಲ. ವೋಲ್ಟೇಜ್‌ಗಳು: ಪಿನ್ 8ರಲ್ಲಿ 8.8, ವಿ-ರೆಫ್ 4.4, ಪಿನ್ 1 ಮತ್ತು 7ರಲ್ಲಿ 4.4. ಪಿನ್ 3ರಲ್ಲಿ ಮಾತ್ರ 1.4 ತೋರಿಸುತ್ತಿದೆ. ಹಳದಿ ಬಣ್ಣದ ಸಾದಾ ಮೀಟರ್. ಮಂದ್ರ ಚೆನ್ನಾಗಿ ಬರುತ್ತಿದೆ, ಆದರೆ ಹಿನ್ನೆಲೆಯಲ್ಲಿ ಸಣ್ಣ ಝೇಂಕಾರ. ಟ್ಯೂಬ್‌ಲೈಟ್ ಆರಿಸಿದರೆ ಅರ್ಧದಷ್ಟು ಕಡಿಮೆಯಾಗುತ್ತೆ. ಮಳೆ ಬಂದ ದಿನ ಚರಚರ ಅನ್ನುವ ಸದ್ದೂ ಇದೆ.

ಲ್ಯಾಬ್_ಮೇಷ್ಟ್ರು

ಪಿನ್ 3 ಸರಿಯಾಗಿಯೇ ಇದೆ ಮೇಡಂ, ಮೀಟರೇ ಅದನ್ನು ಕೆಳಗೆಳೆಯುತ್ತಿದೆ. ಸಾದಾ ಮೀಟರ್‌ನ ಒಳ ರೆಸಿಸ್ಟೆನ್ಸ್ 1 ಮೆಗ್. 2.2 ಮೆಗ್ ಜೊತೆ ಅದು ಡಿವೈಡರ್ ಆಗುತ್ತೆ: 4.4 × 1 ÷ 3.2 = 1.375. ನಿಮ್ಮ ಮೀಟರ್ ಕರಾರುವಾಕ್ಕಾಗಿಯೇ ಹೇಳಿದೆ. 10 ಮೆಗ್ ಮೀಟರ್ ಆದರೆ ಅದೇ ಜಾಗದಲ್ಲಿ 3.6 ತೋರಿಸುತ್ತೆ. ಪಿನ್ 3ಕ್ಕೆ ಪ್ರೋಬ್ ಇಡಬೇಡಿ, ಪಿನ್ 1 ನೋಡಿದರೆ ಸಾಕು. ಡಿಸಿಗೆ ಈ ಸ್ಟೇಜಿನ ಗೇನ್ 1, ಹಾಗಾಗಿ ಪಿನ್ 1ರಲ್ಲಿ 4.4 ಇದ್ದರೆ ಪಿನ್ 3ರಲ್ಲೂ ಅಷ್ಟೇ ಇದೆ ಅಂತ ಅರ್ಥ.

ತೆಳು ಸದ್ದು ಬರುವ ಬೋರ್ಡ್‌ಗಳಲ್ಲಿ ಮಾತ್ರ ಮೊದಲು 2.2 ಮೆಗ್ ನೋಡಬೇಕು. ಕೆಂಪು ಕೆಂಪು ಹಸಿರು 2.2 ಮೆಗ್, ಕೆಂಪು ಕೆಂಪು ಕಿತ್ತಳೆ 22ಕೆ. ಒಂದೇ ಬೋರ್ಡ್‌ನಲ್ಲಿ ಎರಡೂ ಇರುವುದರಿಂದ ಅದಲುಬದಲಾಗುವುದು ಸುಲಭ. ಇನ್‌ಪುಟ್‌ನಲ್ಲಿ 22ಕೆ ಕೂತರೆ ಕಟ್‌ಆಫ್ 500 ಹರ್ಟ್ಜ್ ದಾಟುತ್ತೆ, ಮತ್ತೆ ಮೊದಲಿನ ಕಥೆಯೇ.

ಕಾವೇರಿ_ಸರ್ಕ್ಯೂಟ್

ಝೇಂಕಾರಕ್ಕೆ ಎರಡು ಕಾರಣ ಸೇರಿವೆ. ಒಂದು, ತೆರೆದ ಬೋರ್ಡ್‌ನಲ್ಲಿ ಪಿನ್ 3ರ ಸುತ್ತಲಿನ ವೈರುಗಳೇ ಆಂಟೆನಾ. ಇನ್ನೊಂದನ್ನು ಬಹಳ ಜನ ನಂಬುವುದಿಲ್ಲ: 1ಎನ್4148 ಗಾಜಿನ ಡಯೋಡ್, ಬೆಳಕು ಬಿದ್ದರೆ ಅದರ ಲೀಕೇಜ್ ಹೆಚ್ಚುತ್ತೆ. ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತೆ, ಆ ಮಿನುಗು 2.2 ಮೆಗ್ ಮೇಲೆ 100 ಹರ್ಟ್ಜ್ ಹಮ್ ಆಗಿ ಬೀಳುತ್ತೆ. ಡಯೋಡ್‌ಗಳ ಮೇಲೆ ಕಪ್ಪು ಟೇಪ್ ಇಟ್ಟು ನೋಡಿ, ಎಷ್ಟು ಪಾಲು ಯಾವುದರದು ಅಂತ ಅಲ್ಲೇ ತಿಳಿಯುತ್ತೆ. ಲೋಹದ ಡಬ್ಬಿಗೆ ಹಾಕಿ ಮುಚ್ಚಿದರೆ ಎರಡೂ ಹೋಗುತ್ತವೆ. ಡೈಕಾಸ್ಟ್ ಡಬ್ಬಿ ಸಿಗದಿದ್ದರೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮಾಡ್ಯುಲರ್ ಸ್ವಿಚ್‌ಗೆ ಕೊಡುವ ಜಿಐ ಬಾಕ್ಸ್ ತನ್ನಿ, ಬಾಯಿಗೆ ತಗಡಿನ ಮುಚ್ಚಳ ಸ್ಕ್ರೂ ಮಾಡಿ. ಗ್ರೌಂಡ್ ಡಬ್ಬಿಗೆ ಒಂದೇ ಜಾಗದಲ್ಲಿ ತಾಗಲಿ, ಇನ್‌ಪುಟ್ ಜ್ಯಾಕ್ ಹತ್ತಿರ.

ಡಿಸ್ಕ್‌ಗೂ ಶೀಲ್ಡ್ ಬೇಕು. ಸೆರಾಮಿಕ್ ಕಡೆಗೆ ಇನ್‌ಸುಲೇಶನ್ ಟೇಪ್, ಅದರ ಮೇಲೆ ತಾಮ್ರದ ಫಾಯಿಲ್ ಟೇಪ್, ಫಾಯಿಲನ್ನು ಹಿತ್ತಾಳೆ ಅಂಚಿಗೆ ಒಂದು ಚುಕ್ಕೆ ಸೋಲ್ಡರ್. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ಗೆ ಸೋಲ್ಡರ್ ಹಿಡಿಯುವುದಿಲ್ಲ. ಸೆರಾಮಿಕ್ ಮೇಲಿನ ಬೆಳ್ಳಿ ಪದರಕ್ಕೆ 25 ವ್ಯಾಟ್ ಐರನ್ ಎರಡು ಸೆಕೆಂಡ್‌ಗಿಂತ ಹೆಚ್ಚು ಇಡಬೇಡಿ, ಪದರ ಎದ್ದುಬರುತ್ತೆ. ವೈರ್ ಹಚ್ಚಿಯೇ ಬರುವ ಡಿಸ್ಕ್ ತೆಗೆದುಕೊಂಡರೆ ಈ ತಲೆನೋವಿಲ್ಲ. ಕೇಬಲ್ ಸಿಂಗಲ್ ಕೋರ್ ಶೀಲ್ಡೆಡ್, ಒಂದೂವರೆ ಮೀಟರ್ ಒಳಗೆ.

ಮಳೆಯ ದಿನದ ಚರಚರ ಅಂದರೆ ಫ್ಲಕ್ಸ್. ಹಾರ್ಡ್‌ವೇರ್ ಅಂಗಡಿಯ ಪೇಸ್ಟ್ ಹಚ್ಚಿ ಬೆಸೆದ ಬೋರ್ಡ್ ತೇವ ಹೀರುತ್ತೆ. ಪಿನ್ 3 ಮತ್ತು ಪಿನ್ 4 ಅಕ್ಕಪಕ್ಕದ ಕಾಲುಗಳು, ಒಂದರಲ್ಲಿ 4.4 ವೋಲ್ಟ್, ಇನ್ನೊಂದು ಗ್ರೌಂಡ್. ನಡುವಿನ ಆ ಕೊಳೆಯಲ್ಲಿ ಕೆಲವು ಮೆಗಾಓಂ ಲೀಕೇಜ್ ಆದರೆ ಸಾಕು, 2.2 ಮೆಗ್‌ಗೆ ಅದು ಸಮಸಮ. ಅದೂ ಒಂದೇ ಸಮ ಇರುವುದಿಲ್ಲ, ಕ್ಷಣಕ್ಷಣಕ್ಕೂ ಬದಲಾಗುತ್ತೆ, ಅದೇ ಚರಚರ. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೇ ಟೂತ್‌ಬ್ರಷ್‌ನಲ್ಲಿ ಎರಡು ಸಲ ಉಜ್ಜಿ, ಒರೆಸಿ, ಬಿಸಿಲಿಗಿಟ್ಟು ಒಣಗಿಸಿ. ಆಮೇಲೆ ಪಿನ್ 3ರ ಸುತ್ತ ಬೆರಳು ತಾಗಿಸಬೇಡಿ. ಇನ್ನೊಂದು ಬೋರ್ಡ್ ಕಟ್ಟುವುದಾದರೆ ರೋಸಿನ್ ಕೋರ್ ಇರುವ 60/40 ಲೆಡ್ (ಸೋಲ್ಡರ್ ತಂತಿ) ಮಾತ್ರ ಬಳಸಿ, ಪೇಸ್ಟ್ ಬೇಡವೇ ಬೇಡ.

ಮಂಡ್ಯ_ಮೈಕ್‌ಸೆಟ್

ಬ್ಯಾಟರಿ ಬದ್ಲು ಮೊಬೈಲ್ ಪವರ್‌ಬ್ಯಾಂಕು, ಅದ್ಕೊಂದು ಎಂಟಿ3608 ಬೂಸ್ಟ್ ಬೋರ್ಡ್ (ವೋಲ್ಟೇಜ್ ಏರ್ಸೋದು) ಹಾಕ್ಕೊಂಡು ಬರೋರು ಜಾಸ್ತಿ ಆಗವ್ರೆ. ಕುಂಯ್ ಅಂತಾನೇ ಇರ್ತದೆ, ಫೇಡರ್ ಎತ್ತಕ್ಕೇ ಆಗಲ್ಲ. ಇನ್ನೊಂದು ವಿಷ್ಯ, ವೀಣೆಯೋರು ದಂಡಿ ಮೇಲೆ ಕೈ ಸರಿಸಿದಾಗ್ಲೆಲ್ಲ ಸ್ಪೀಕರ್ ಬಾಕ್ಸ್ ಕೋನ್ ಮುಂದಕ್ಕೂ ಹಿಂದಕ್ಕೂ ಹೊಡ್ಕೊಳ್ತದೆ. ಈ ಸರ್ಕ್ಯೂಟು 5 ಹರ್ಟ್ಜ್‌ವರ್ಗೂ ಇಳೀತದಲ್ವಾ, ಅಷ್ಟ್ಯಾಕೆ ಬೇಕಣ್ಣ?

ಕಾವೇರಿ_ಸರ್ಕ್ಯೂಟ್

ಬೂಸ್ಟ್ ಬೋರ್ಡ್ ಮಾಮೂಲಿಯಾಗಿ 1.2 ಮೆಗಾಹರ್ಟ್ಜ್‌ನಲ್ಲಿ ಸ್ವಿಚ್ ಆಗುತ್ತೆ, ಅದು ಕಿವಿಗೆ ಬೀಳುವುದಿಲ್ಲ. ಆದರೆ 3 ಮಿಲಿಆಂಪ್‌ನಂಥ ಹಗುರ ಲೋಡ್‌ನಲ್ಲಿ ಅದು ಪಲ್ಸ್‌ಗಳನ್ನು ಬಿಟ್ಟುಬಿಟ್ಟು ಓಡುತ್ತೆ, ಆ ಬಿಡುವಿನ ಲಯ ಕೇಳಿಸುವ ರೇಂಜ್‌ಗೆ ಇಳಿಯುತ್ತೆ. ಬ್ಯಾಟರಿಯೇ ಸರಿ.

ಬಡಿತಕ್ಕೆ ನೀವು ಹೇಳಿದ್ದು ಸರಿ. 1 ಮೈಕ್ರೋಫ್ಯಾರಡ್ ಬದಲು 0.1 ಹಾಕಿ. 47ಕೆ ಪಾಟ್ ಜೊತೆ 34 ಹರ್ಟ್ಜ್ ಕಟ್‌ಆಫ್, ಅನುಮಂದ್ರದ 62 ಹರ್ಟ್ಜ್‌ನಲ್ಲಿ ನಷ್ಟ ಒಂದು ಡೆಸಿಬೆಲ್ ಚಿಲ್ಲರೆ. ಅಲ್ಲಿ ಇಂಪಿಡೆನ್ಸ್ ಕಡಿಮೆ, ಹಾಗಾಗಿ ನಾಯ್ಸ್‌ಗೂ ತೊಂದರೆಯಿಲ್ಲ.

ಲ್ಯಾಬ್_ಮೇಷ್ಟ್ರು

ಇಲ್ಲಿ ನನ್ನ ಅಭಿಪ್ರಾಯ ಬೇರೆ. ದಂಡಿಗೆ ಕೈ ತಾಗಿದ ಹತ್ತು ಹರ್ಟ್ಜ್‌ನ ಹೊಡೆತ ಮೊದಲ ಸ್ಟೇಜನ್ನೇ ತುಂಬಿಬಿಟ್ಟರೆ ಆಮೇಲೆ ಫಿಲ್ಟರ್ ಇಟ್ಟು ಪ್ರಯೋಜನವಿಲ್ಲ. ಒಂದೇ ಬ್ಯಾಟರಿಯಲ್ಲಿ ಫೇಸ್ ರಿವರ್ಸಲ್ ಭಯವೂ ಇದೆ. ಇನ್‌ಪುಟ್‌ನಲ್ಲೇ ತಡೆಯಿರಿ: 47 ನ್ಯಾನೋ ಬದಲು 2.2 ನ್ಯಾನೋಫ್ಯಾರಡ್. 2.2 ಮೆಗ್ ಜೊತೆ ಸುಮಾರು 36 ಹರ್ಟ್ಜ್. 2.2 ಮೆಗ್‌ನ ಥರ್ಮಲ್ ನಾಯ್ಸ್ 100 ಹರ್ಟ್ಜ್ ಬಳಿ ಹತ್ತರಿಂದ ಅರವತ್ತು ನ್ಯಾನೋವೋಲ್ಟ್‌ಗೆ ಏರುತ್ತೆ, ಒಪ್ಪುತ್ತೇನೆ. ಆದರೆ 1 ಕಿಲೋಹರ್ಟ್ಜ್‌ನಲ್ಲಿ ಮತ್ತೆ 7ಕ್ಕೆ ಇಳಿಯುತ್ತೆ. ನೂರಾರು ಮಿಲಿವೋಲ್ಟ್ ಕೊಡುವ ಡಿಸ್ಕ್‌ನ ಮುಂದೆ, ಅದೂ ಅಷ್ಟು ಕೆಳಗಿನ ಸ್ವರದಲ್ಲಿ, ಆ ನಾಯ್ಸ್ ಸಭಾಂಗಣದ ಫ್ಯಾನ್ ಸದ್ದಿನಲ್ಲೇ ಮುಳುಗುತ್ತೆ.

ಕಾವೇರಿ_ಸರ್ಕ್ಯೂಟ್

ಒಂದೇ ಬ್ಯಾಟರಿಗೆ ಮೇಷ್ಟ್ರ ಮಾತೇ ಸರಿ, ಇನ್‌ಪುಟ್‌ನಲ್ಲಿ 2.2 ನ್ಯಾನೋ ಹಾಕಿ. ಪ್ಲಸ್-ಮೈನಸ್ 9ರಲ್ಲಿ ಮೊದಲ ಸ್ಟೇಜಿಗೆ ಬೇಕಾದಷ್ಟು ಜಾಗ ಇದೆ, ಅಲ್ಲಿ 47 ನ್ಯಾನೋ ಉಳಿಸಿಕೊಂಡು ಪಾಟ್ ಹತ್ತಿರ 0.1 ಮೈಕ್ರೋ. ಎರಡು ಕಡೆಯೂ ಒಟ್ಟಿಗೆ ಮಾಡಬೇಡಿ, 62 ಹರ್ಟ್ಜ್‌ನಲ್ಲಿ ಎರಡೂವರೆ ಡೆಸಿಬೆಲ್ ಹೋಗುತ್ತೆ. ಪಂಚಮಕ್ಕೂ ಅನುಮಂದ್ರಕ್ಕೂ ಇರುವ ಸಮತೋಲನ ಕೆಡುತ್ತೆ.

ಸರಿಗಮ_ಮೈಸೂರು

ಬೋರ್ಡ್ ತೊಳೆದು, ಡಯೋಡ್‌ಗೆ ಕಪ್ಪು ಟೇಪ್ ಸುತ್ತಿ, ಜಿಐ ಬಾಕ್ಸ್‌ಗೆ ಹಾಕಿದ ಮೇಲೆ ಝೇಂಕಾರವೂ ಇಲ್ಲ, ಚರಚರವೂ ಇಲ್ಲ. 2.2 ನ್ಯಾನೋ ಹಾಕಿದ ಮೇಲೆ ಕೈ ಸರಿಸಿದ ಬಡಿತವೂ ಅಡಗಿದೆ. ಸ್ವಿಚ್ ಬೇರೆ ಹಾಕದೆ ಜ್ಯಾಕ್‌ನಲ್ಲೇ ಬ್ಯಾಟರಿ ಆನ್ ಆಗುವ ವೈರಿಂಗ್ ಹೇಗೆ?

ಮಂಡ್ಯ_ಮೈಕ್‌ಸೆಟ್

ಇನ್‌ಪುಟ್‌ಗೆ ಸ್ಟೀರಿಯೋ ಪಿ38 ಸಾಕೆಟ್ ಹಾಕಿ ಮೇಡಂ. ಬ್ಯಾಟರಿ ನೆಗೆಟಿವ್ ವೈರು ಬೋರ್ಡ್ ಗ್ರೌಂಡ್‌ಗೆ ಹೋಗದು ಬ್ಯಾಡ, ಸಾಕೆಟ್‌ನ ರಿಂಗ್ ಕಾಲಿಗೆ ಹೋಗ್ಲಿ. ಡಿಸ್ಕ್ ಕೇಬಲ್‌ಗೆ ಮೋನೊ ಪ್ಲಗ್ಗೇ ಇರ್ಬೇಕು. ಚುಚ್ಚಿದಾಗ ಪ್ಲಗ್ ಬಾಡಿ ರಿಂಗನ್ನೂ ಗ್ರೌಂಡನ್ನೂ ಸೇರಿಸ್ತದೆ, ಬ್ಯಾಟರಿ ಆನ್. ಕಿತ್ತರೆ ಆಫ್. ಎರಡು ಬ್ಯಾಟರಿ ಹಾಕೋರ್ಗೆ ಇದು ಆಗಲ್ಲ, ಒಂದು ಬ್ಯಾಟರಿ ಮಾತ್ರ ಕಟ್ ಆಗಿ ಇನ್ನೊಂದು ಸುಮ್ನೆ ಇಳೀತಾ ಇರ್ತದೆ. ಅವರು ಎರಡು ಪೋಲ್ ಇರೋ ಟಾಗಲ್ ಸ್ವಿಚ್ಚೇ ಹಾಕ್ಬೇಕು. ಕಚೇರಿ ಮುಗೀತಿದ್ದಂಗೆ ಮೊದ್ಲು ಮಿಕ್ಸರ್‌ನೋರ್ಗೆ ಫೇಡರ್ ಇಳಿಸಕ್ಕೆ ಹೇಳಿ, ಆಮೇಲೆ ಪ್ಲಗ್ ಕೀಳಿ.